ಆ್ಯಪ್ ನಿಯಂತ್ರಿತ ಲೈಂಗಿಕ ಸಾಧನಗಳು: ಕ್ಷಮತೆ ಮತ್ತು ವಿಶ್ವಾಸಾರ್ಹತೆಯ ಪರೀಕ್ಷೆ

ವಯಸ್ಕರು ಲೈಂಗಿಕ ಸುಖಕ್ಕಾಗಿ ಬಳಸುವ, ಮೊಬೈಲ್ ಫೋನಿನ ಆ್ಯಪ್‌ನಿಂದ ನಡೆಸಬಹುದಾದ ಬ್ಯಾಟರಿ ಚಾಲಿತ ಉಪಕರಣಗಳಿವು. ಇವುಗಳಲ್ಲಿ ಬಹುಪಾಲು ವೈಬ್ರೇಟರ್‌ಗಳು. ಭಾರತದ ಮಾರುಕಟ್ಟೆಯಲ್ಲಿ ‘ಪರ್ಸನಲ್ ಮಸಾಜರ್’, ‘ಬಾಡಿ ಮಸಾಜರ್’ ಎಂಬ ಹೆಸರುಗಳಲ್ಲಿ ಮಾರಾಟವಾಗುತ್ತವೆ. ಸಾಧನ ಫೋನಿನೊಂದಿಗೆ ಬ್ಲೂಟೂತ್ ಮೂಲಕ ಮಾತಾಡುತ್ತದೆ. ಫೋನು ಇಂಟರ್‌ನೆಟ್ ಮೂಲಕ ತಯಾರಕರ ಸರ್ವರ್ ಜೊತೆಗೆ, ಅಲ್ಲಿಂದ ಮುಂದೆ ಬೇರೆ ಊರಿನಲ್ಲಿರುವ ಸಂಗಾತಿಯ ಫೋನಿನ ಜೊತೆಗೆ. ಇಷ್ಟು ಉದ್ದದ ಸರಪಳಿಯಲ್ಲಿ ಮೋಟರು ಒಂದು ಕೊಂಡಿ ಮಾತ್ರ. ಆದರೆ ಜಾಹೀರಾತು ಹೇಳುವುದೆಲ್ಲ ಮೋಟರಿನ ಬಲ ಮತ್ತು ಕಂಪನದ ಬಗೆಗಳ ಸಂಖ್ಯೆಯ ಬಗ್ಗೆ. ಬಳಸುವವರ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆಗಳು ಬೇರೆ: ನಿಲ್ಲಿಸಿದಾಗ ನಿಲ್ಲುತ್ತದೆಯೇ, ಮೈಗೆ ಅಪಾಯ ಮಾಡದೆ ವರ್ಷಗಟ್ಟಲೆ ಬಾಳುತ್ತದೆಯೇ, ಗುಟ್ಟನ್ನು ಕಾಯುತ್ತದೆಯೇ.

ಈ ಲೇಖನ ಪರೀಕ್ಷೆಯ ನೆಲೆಯಾಗಿ ಕಲಬುರಗಿ ನಗರವನ್ನೂ, ಅಲ್ಲಿಂದ ಹುಮನಾಬಾದ್ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ತಾಲೂಕನ್ನೂ ಇಟ್ಟುಕೊಂಡಿದೆ. ಈ ಸಾಧನಗಳ ವಿನ್ಯಾಸ ನಡೆಯುವುದು ಬೇರೆ ಹವೆಯಲ್ಲಿ, ಬೇರೆ ಬಗೆಯ ಮನೆಗಳಿಗಾಗಿ. ಮೇ ತಿಂಗಳಲ್ಲಿ 42 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ದಪ್ಪ ಕಲ್ಲುಗೋಡೆ, ಶಹಾಬಾದಿ ಫರಸಿ ಹಾಸಿದ ಮನೆ, ಬೋರ್‌ವೆಲ್ಲಿನ ಗಡಸು ನೀರು, ಕೂಡುಕುಟುಂಬ, ಒಂದೇ ಫೋನನ್ನು ಮನೆಮಂದಿಯೆಲ್ಲ ಹಿಡಿಯುವ ರೂಢಿ ಇವೆಲ್ಲ ಇಲ್ಲಿ ಪರೀಕ್ಷೆಯ ಭಾಗವಾಗಬೇಕು. ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುವವರು ಈ ಸೀಮೆಯಲ್ಲಿ ಹೆಚ್ಚು. ತಿಂಗಳುಗಟ್ಟಲೆ ಅಗಲಿ ಬಾಳುವ ಗಂಡಹೆಂಡಿರಿಗೆ ದೂರದಿಂದ ನಡೆಸುವ ಸೌಲಭ್ಯವೇ ಈ ಸಾಧನದ ಮುಖ್ಯ ಆಕರ್ಷಣೆ. ಎಡವುವುದೂ ಅದೇ ಸೌಲಭ್ಯ.

ಹಿನ್ನೆಲೆ

ಸಾಧನದ ಗುಣವನ್ನು ತೂಗಿ ನೋಡುವ ಪರಿಪಾಠ ಹೊಸದಲ್ಲ. ವಾತ್ಸ್ಯಾಯನನ ಕಾಮಸೂತ್ರದ ಏಳನೆಯ ಅಧಿಕರಣದಲ್ಲಿ ಕೃತಕ ಸಾಧನಗಳನ್ನು ಯಾವ ವಸ್ತುವಿನಿಂದ ಮಾಡಬೇಕೆಂಬ ಚರ್ಚೆಯಿದೆ. ಚಿನ್ನ, ಬೆಳ್ಳಿ, ತಾಮ್ರ, ದಂತ, ಕೊಂಬು ಅಲ್ಲಿ ಬರುತ್ತವೆ. ಕನ್ನಡದಲ್ಲಿ ಕಾಮಶಾಸ್ತ್ರವನ್ನು ಮೊದಲು ಬರೆದವನು 11ನೆಯ ಶತಮಾನದ ಚಂದ್ರರಾಜ. ಅವನ ‘ಮದನತಿಲಕ’ ಹುಟ್ಟಿದ್ದು ಚಾಲುಕ್ಯ ಜಯಸಿಂಹನ ಕಾಲದಲ್ಲಿ. ಆ ವಂಶದವರು ಆಳಿದ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಧುನಿಕ ಕಾಲದಲ್ಲಿ ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳು ದೇಹದ ವಿಷಯವನ್ನು ವೈದ್ಯರ ನೇರ ಭಾಷೆಯಲ್ಲಿ ಕನ್ನಡದ ಮನೆಗಳಿಗೆ ತಂದವು. ಇಂಥ ಬರವಣಿಗೆಯ ಪರಂಪರೆ ಇರುವ ಭಾಷೆಯಲ್ಲಿ ಈ ಸಾಧನಗಳ ಬಳಕೆಯ ಕೈಪಿಡಿ ಒಂದಾದರೂ ಪೆಟ್ಟಿಗೆಯ ಜೊತೆ ಬರಬೇಕು. ಈ ಉಪಕರಣಗಳ ಆ್ಯಪ್ ಮತ್ತು ಸೂಚನಾಪತ್ರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದು ಬರೀ ಭಾಷೆಯ ಕೊರತೆಯಲ್ಲ, ಸುರಕ್ಷತೆಯ ಕೊರತೆ.

ವಿದ್ಯುತ್ ವೈಬ್ರೇಟರನ್ನು 1880ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್ ರೂಪಿಸಿದ್ದು ಸ್ನಾಯು ಮತ್ತು ನರದ ನೋವಿಗೆ. ವೈದ್ಯರು ಅದನ್ನು ಹೆಂಗಸರ ‘ಹಿಸ್ಟೀರಿಯಾ’ ಚಿಕಿತ್ಸೆಗೆ ಬಳಸುತ್ತಿದ್ದರು ಎಂಬ ಜನಪ್ರಿಯ ಕತೆಗೆ ಆಧಾರವಿಲ್ಲವೆಂದು 2018ರಲ್ಲಿ ಹ್ಯಾಲೀ ಲೀಬರ್‌ಮನ್ ಮತ್ತು ಎರಿಕ್ ಶಾಟ್ಸ್‌ಬರ್ಗ್ ತೋರಿಸಿದರು. ಜಪಾನಿನ ಹಿಟಾಚಿ ಕಂಪನಿ 1968ರಲ್ಲಿ ತಂದ ಮ್ಯಾಜಿಕ್ ವಾಂಡ್ ಕೂಡ ಬೆನ್ನುನೋವಿನ ಮಸಾಜರ್ ಎಂದೇ ಮಾರಾಟವಾಯಿತು. ಕೆನಡಾದ ವೀ-ವೈಬ್ ವೈಬ್ರೇಟರ್ 2008ರಲ್ಲಿ ಬಂತು. 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಕಡಿಮೆ ವಿದ್ಯುತ್ತಿನ ಸಂಪರ್ಕ ವಿಧಾನ ಇಂಥ ಪುಟ್ಟ ಬ್ಯಾಟರಿಯ ಸಾಧನಗಳನ್ನು ಫೋನಿಗೆ ಜೋಡಿಸುವುದನ್ನು ಸುಲಭ ಮಾಡಿತು. ದೂರದಿಂದ ನಡೆಸುವ ಲೈಂಗಿಕ ಸಾಧನದ ಮೇಲೆ ಅಮೆರಿಕದಲ್ಲಿ 1998ರಲ್ಲಿ ಅರ್ಜಿ ಹಾಕಿ ಪಡೆದ ಪೇಟೆಂಟು 2018ರಲ್ಲಿ ಮುಗಿದ ಮೇಲೆ ಸಣ್ಣ ಕಂಪನಿಗಳಿಗೂ ದಾರಿ ತೆರೆಯಿತು.

ಕಂಪನವನ್ನು ಅಳೆಯುವುದು

ಸಾಧನದ ಒಳಗಿರುವುದು ಸಾಮಾನ್ಯವಾಗಿ ಸಣ್ಣ ಡಿಸಿ ಮೋಟರು. ಅದರ ಅಚ್ಚಿಗೆ ಒಂದು ಬದಿಗೆ ವಾಲಿದ ತೂಕ ಕಟ್ಟಿರುತ್ತದೆ. ಅಚ್ಚು ತಿರುಗಿದಾಗ ಆ ತೂಕವೇ ಅದುರುವಿಕೆಯನ್ನು ಹುಟ್ಟಿಸುತ್ತದೆ. ನಿಮಿಷಕ್ಕೆ 9,000 ಸುತ್ತು ಎಂದರೆ ಸೆಕೆಂಡಿಗೆ 150 ಕಂಪನ. ಚರ್ಮದ ಆಳದಲ್ಲಿರುವ ಪಾಸಿನಿಯನ್ ಗ್ರಾಹಕಗಳು ಸೆಕೆಂಡಿಗೆ ಸುಮಾರು 250 ಕಂಪನದ ಸುತ್ತಮುತ್ತ ಅತಿ ಸೂಕ್ಷ್ಮವಾಗಿ ಸ್ಪಂದಿಸುತ್ತವೆ. ಮೇಲ್ಪದರದ ಮೈಸ್ನರ್ ಗ್ರಾಹಕಗಳಿಗೆ 10ರಿಂದ 50ರ ನಡುವಿನ ನಿಧಾನ ಕಂಪನ ಹಿಡಿಸುತ್ತದೆ. ಬಳಕೆದಾರರು ‘ಗುಂಯ್ ಅನ್ನುತ್ತದೆ, ಆಳಕ್ಕೆ ಇಳಿಯುವುದಿಲ್ಲ’ ಎಂದು ದೂರುವುದಕ್ಕೆ ಕಾರಣ ಇಲ್ಲಿದೆ. ವಾಲಿದ ತೂಕದ ಮೋಟರಿನಲ್ಲಿ ವೇಗ ಮತ್ತು ಬಲ ಒಂದಕ್ಕೊಂದು ಅಂಟಿಕೊಂಡಿವೆ. ವೇಗ ಇಳಿಸಿದರೆ ಬಲವೂ ಇಳಿಯುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ನೂರು ಹಂತಗಳಿವೆ ಎಂದರೆ ನೂರು ಬೇರೆ ಬೇರೆ ಅನುಭವಗಳಿವೆ ಎಂದಲ್ಲ. ಕೆಳಗಿನ ಕೆಲವು ಹಂತಗಳಲ್ಲಿ ಮೋಟರು ತಿರುಗಲು ಶುರುವೇ ಆಗದಿರಬಹುದು.

ಪ್ರಯೋಗಾಲಯದಲ್ಲಿ ಇದನ್ನು ಆಕ್ಸೆಲರೋಮೀಟರ್ ಅಂಟಿಸಿ ಅಳೆಯುತ್ತಾರೆ. ಮುಖ್ಯವಾದದ್ದು ಒತ್ತಡ ಹಾಕಿ ಅಳೆಯುವುದು. ಗಾಳಿಯಲ್ಲಿ ಹಿಡಿದಾಗ ಜೋರಾಗಿ ಅದುರುವ ಸಾಧನ ಮೈಗೆ ಒತ್ತಿದಾಗ ಸೋತುಬಿಟ್ಟರೆ ಪೆಟ್ಟಿಗೆಯ ಮೇಲಿನ ಅಂಕಿಗೆ ಬೆಲೆಯಿಲ್ಲ. ಬ್ಯಾಟರಿ ಅರ್ಧಕ್ಕಿಳಿದ ಮೇಲೆ ಅದೇ ಹಂತದಲ್ಲಿ ಅದೇ ಬಲ ಉಳಿದಿದೆಯೇ ಎಂದೂ ನೋಡಬೇಕು.

ಸದ್ದಿನ ವಿಷಯ ಕಲಬುರಗಿಯಂಥ ಊರಿನಲ್ಲಿ ಸಣ್ಣದಲ್ಲ. ತಯಾರಕರು ‘50 ಡೆಸಿಬೆಲ್‌ಗಿಂತ ಕಡಿಮೆ’ ಎಂದು ಬರೆದಿರುತ್ತಾರೆ; ಎಷ್ಟು ದೂರದಿಂದ ಎಂದು ಬರೆದಿರುವುದಿಲ್ಲ. ರಾತ್ರಿಯ ನಿಶ್ಶಬ್ದ ಕೋಣೆಯಲ್ಲಿ ಇರುವ ಸದ್ದೇ 30 ಡೆಸಿಬೆಲ್ ಆಸುಪಾಸು. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದಾಗ ಕೇಳಿಸದ ಸದ್ದು ಕರೆಂಟು ಹೋಗಿ ಫ್ಯಾನ್ ನಿಂತ ಕೂಡಲೆ ಪಕ್ಕದ ಕೋಣೆಗೆ ಕೇಳಿಸುತ್ತದೆ. ಕಬ್ಬಿಣದ ಮಂಚಕ್ಕೋ ಫರಸಿಯ ನೆಲಕ್ಕೋ ತಾಗಿದರೆ ಇನ್ನೂ ಜೋರಾಗುತ್ತದೆ. ಫ್ಯಾನ್ ನಿಲ್ಲಿಸಿ, ಸಾಧನವನ್ನು ಹಾಸಿಗೆಯ ಮೇಲಿಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತು ಕೇಳುವುದೇ ನಮ್ಮ ಮನೆಗಳಿಗೆ ಸರಿಯಾದ ಸದ್ದಿನ ಪರೀಕ್ಷೆ.

ಬ್ಯಾಟರಿ ಮತ್ತು ಬೇಸಿಗೆ

ಈ ಸಾಧನಗಳಲ್ಲಿರುವುದು 3.7 ವೋಲ್ಟಿನ ಲಿಥಿಯಂ ಬ್ಯಾಟರಿ, ತುಂಬಿದಾಗ 4.2 ವೋಲ್ಟ್. ಲೆಕ್ಕ ಹೀಗೆ: ಬ್ಯಾಟರಿ 300 ಮಿಲಿ ಆಂಪಿಯರ್-ಗಂಟೆಯದಾಗಿ, ಮೋಟರು 150 ಮಿಲಿ ಆಂಪಿಯರ್ ಎಳೆದರೆ ಹೆಚ್ಚೆಂದರೆ ಎರಡು ಗಂಟೆ ನಡೆಯುತ್ತದೆ. ಕಂಪನಿಯ ಅಂಕಿ ಕಡಿಮೆ ವೇಗದಲ್ಲಿ ತೆಗೆದದ್ದಾಗಿದ್ದರೆ ಪೂರ್ತಿ ವೇಗದಲ್ಲಿ ಅದರ ಅರ್ಧವೂ ಸಿಗದಿರಬಹುದು. ಪೂರ್ತಿ ಚಾರ್ಜು ಮಾಡಿ, ಪೂರ್ತಿ ವೇಗಕ್ಕಿಟ್ಟು, ಗಡಿಯಾರ ನೋಡಿ ಅಳೆದ ಅಂಕಿಯೇ ನಂಬಬಹುದಾದ ಅಂಕಿ.

ಲಿಥಿಯಂ ಬ್ಯಾಟರಿಗೆ ಬಿಸಿಲೇ ವೈರಿ. ಸಾಮಾನ್ಯ ಬ್ಯಾಟರಿಗಳನ್ನು ಚಾರ್ಜು ಮಾಡಲು ತಯಾರಕರು ಹಾಕುವ ಮಿತಿ 0ಯಿಂದ 45 ಡಿಗ್ರಿ. ಕಲಬುರಗಿಯ ಮೇ ತಿಂಗಳಲ್ಲಿ ನೆರಳಿನ ಉಷ್ಣವೇ ಆ ಮಿತಿಯ ಹತ್ತಿರ ಹೋಗುತ್ತದೆ. ತಗಡಿನ ಚಾವಣಿಯ ಕೆಳಗಿನ ಟ್ರಂಕು ಅಥವಾ ಬಿಸಿಲಿಗೆ ನಿಂತ ಕಾರು ಅದನ್ನು ಸುಲಭವಾಗಿ ಮೀರುತ್ತದೆ. ಉಷ್ಣ ಪ್ರತಿ 10 ಡಿಗ್ರಿ ಏರಿದಾಗ ಬ್ಯಾಟರಿಯೊಳಗಿನ ರಾಸಾಯನಿಕ ಸವೆತ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಹಾಗಾಗಿ ಬೆಂಗಳೂರಿನಲ್ಲಿ ಮೂರು ವರ್ಷ ಬಾಳಿದ ಸಾಧನ ಇಲ್ಲಿಯೂ ಅಷ್ಟೇ ಬಾಳುತ್ತದೆ ಎಂದು ಹೇಳಲಾಗದು. ಗುಟ್ಟಿಗಾಗಿ ಸಾಧನವನ್ನು ಮೇಲಿನ ಅಟ್ಟದಲ್ಲೋ ಕಬ್ಬಿಣದ ಅಲಮಾರಿಯ ಮೇಲೋ ಇಡುವ ಅಭ್ಯಾಸ ಬ್ಯಾಟರಿಯ ದೃಷ್ಟಿಯಿಂದ ಅತಿ ಕೆಟ್ಟದ್ದು. ಮನೆಯ ತಂಪಾದ ಕೋಣೆಯ ಕೆಳಗಿನ ಡ್ರಾಯರಿನಲ್ಲಿ, ಅರ್ಧ ಚಾರ್ಜಿನಲ್ಲಿ ಇಡುವುದು ಒಳ್ಳೆಯದು. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ರಕ್ಷಣಾ ಸರ್ಕ್ಯೂಟು ಬ್ಯಾಟರಿಯನ್ನು ಕತ್ತರಿಸಿಬಿಡುತ್ತದೆ. ‘ಸತ್ತು ಹೋಯಿತು’ ಎಂದು ಎಸೆಯುವ ಸಾಧನಗಳಲ್ಲಿ ಹೀಗಾದವೂ ಇವೆ.

ಇನ್ನೊಂದು ಲೆಕ್ಕ ಮೈಗೆ ಸಂಬಂಧಿಸಿದ್ದು. 43 ಡಿಗ್ರಿ ದಾಟಿದ ವಸ್ತು ದೀರ್ಘ ಕಾಲ ತಾಗುತ್ತಲೇ ಇದ್ದರೆ ಚರ್ಮಕ್ಕೆ ಹಾನಿ. 22 ಡಿಗ್ರಿಯ ಕೋಣೆಯಲ್ಲಿ ಮೋಟರು 8 ಡಿಗ್ರಿ ಬಿಸಿಯಾದರೆ 30 ಆಯಿತು, ಯಾರಿಗೂ ತಿಳಿಯದು. 38 ಡಿಗ್ರಿಯ ಕೋಣೆಯಲ್ಲಿ ಅದೇ 8 ಡಿಗ್ರಿ ಸೇರಿದರೆ 46. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಈ ಬಿಸಿ ಗೊತ್ತಾಗದೆ ಸುಡುವ ಸಂಭವವಿದೆ. ಬಿಸಿಯಾದಾಗ ತಾನೇ ನಿಲ್ಲುವ ವ್ಯವಸ್ಥೆ ಇರದ ಸಾಧನವನ್ನು ಈ ಸೀಮೆಗೆ ಯೋಗ್ಯವೆಂದು ಹೇಳಲಾಗದು. ಚಾರ್ಜು ಮಾಡುತ್ತಲೇ ಬಳಸುವುದಂತೂ ಎಲ್ಲಿಯೂ ಸಲ್ಲದು. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯ.

ಸಂಪರ್ಕ: ಕಲಬುರಗಿಯಿಂದ ಪುಣೆಯವರೆಗೆ

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ವೈ-ಫೈ ಕೂಡ ಅದೇ ದಾರಿಯಲ್ಲಿ ಓಡಾಡುತ್ತದೆ. ನೀರು ಈ ಅಲೆಗಳನ್ನು ಹೀರುತ್ತದೆ, ಮನುಷ್ಯನ ಮೈಯ ಬಹುಭಾಗ ನೀರು. ಬಯಲಿನಲ್ಲಿ 10 ಮೀಟರ್ ಹೋಗುವ ಸಂಕೇತ ಸಾಧನ ದೇಹದೊಳಗೆ ಇದ್ದಾಗ ಒಂದೆರಡು ಮೀಟರಿಗೆ ಕುಗ್ಗಬಹುದು. ಆಂಟೆನಾ ಹೊರಗೆ ಉಳಿಯುವ ಬಾಲದಂಥ ಭಾಗದಲ್ಲಿದ್ದರೆ ಸಂಪರ್ಕ ಗಟ್ಟಿ. ಒಳಗೆ ಹೋಗುವ ಭಾಗದಲ್ಲಿದ್ದರೆ ಪದೇ ಪದೇ ಕಡಿಯುತ್ತದೆ. ಕಲ್ಲುಗೋಡೆಯ ಆಚೆ ಫೋನು ಇಟ್ಟರೆ ಹೇಳುವುದೇ ಬೇಡ.

ಸಂಪರ್ಕ ಕಡಿದಾಗ ಸಾಧನ ಏನು ಮಾಡುತ್ತದೆ ಎಂಬುದೇ ಈ ಇಡೀ ಪರೀಕ್ಷೆಯ ಹೃದಯ. ಕಮಲಾಪುರದ ರೈತರಿಗೆ ಮೊಬೈಲ್ ಸ್ಟಾರ್ಟರ್ ಗೊತ್ತು: ಮನೆಯಲ್ಲೇ ಕೂತು ಹೊಲದ ಬೋರ್‌ವೆಲ್ ಮೋಟರನ್ನು ಚಾಲೂ ಮಾಡುವುದು ದೊಡ್ಡ ಮಾತಲ್ಲ, ನೀರು ಬತ್ತಿದಾಗ ಅದು ತಾನಾಗಿ ಬಂದ್ ಆಗುವುದೇ ದೊಡ್ಡದು. ಇಲ್ಲಿಯೂ ಅದೇ ಅಳತೆ. ಕೆಲವು ಸಾಧನಗಳು ಕೊನೆಯ ಆಜ್ಞೆಯನ್ನೇ ಹಿಡಿದು ಓಡುತ್ತಲೇ ಇರುತ್ತವೆ, ಕೆಲವು ಕ್ಷಣದಲ್ಲಿ ನಿಲ್ಲುತ್ತವೆ. ಎರಡನೆಯದೇ ಸರಿ. ಪರೀಕ್ಷಿಸುವವರು ಸಾಧನ ನಡೆಯುತ್ತಿರುವಾಗ ಆ್ಯಪ್ ಮುಚ್ಚಬೇಕು, ಫೋನನ್ನು ಫ್ಲೈಟ್ ಮೋಡಿಗೆ ಹಾಕಬೇಕು, ಬೇರೆ ಫೋನಿನಿಂದ ಕರೆ ಮಾಡಬೇಕು, ಫೋನು ಹಿಡಿದು ದೂರ ನಡೆದು ಹೋಗಬೇಕು, ಕೊನೆಗೆ ಫೋನನ್ನೇ ಆಫ್ ಮಾಡಬೇಕು. ಪ್ರತಿಸಲವೂ ಎಷ್ಟು ಸೆಕೆಂಡಿಗೆ ನಿಂತಿತು ಎಂದು ಬರೆದಿಡಬೇಕು. ಸಾಧನದ ಮೈಮೇಲಿನ ಗುಂಡಿ ಯಾವ ಸ್ಥಿತಿಯಲ್ಲೂ ಆ್ಯಪ್ ಆಜ್ಞೆಯನ್ನು ಮೀರಿ ನಿಲ್ಲಿಸುವಂತಿರಬೇಕು. ಗುಂಡಿಯೇ ಇಲ್ಲದ, ಆ್ಯಪ್ ಇಲ್ಲದೆ ನಡೆಯದ ಸಾಧನವನ್ನು ಕೊಳ್ಳಬಾರದು.

ಎಷ್ಟು ಸಲ ಪರೀಕ್ಷಿಸಬೇಕು? ಸಂಖ್ಯಾಶಾಸ್ತ್ರದ ‘ಮೂರರ ನಿಯಮ’ ಇಲ್ಲಿ ನೆರವಾಗುತ್ತದೆ. 30 ಸಲ ಜೋಡಿಸಿ ಒಮ್ಮೆಯೂ ಸೋಲದಿದ್ದರೆ, ನಿಜವಾದ ಸೋಲಿನ ಪ್ರಮಾಣ ಶೇ 10ಕ್ಕಿಂತ ಕಡಿಮೆಯೆಂದು ಶೇ 95ರಷ್ಟು ಖಚಿತವಾಗಿ ಹೇಳಬಹುದು, ಅಷ್ಟೇ. ಶೇ 3 ಎನ್ನಲು 100 ಸಲ ಬೇಕು. ಒಂದು ವಾರ ಬಳಸಿ ‘ಒಮ್ಮೆಯೂ ಕೈಕೊಟ್ಟಿಲ್ಲ’ ಎಂದು ಬರೆಯುವ ವಿಮರ್ಶೆಯ ಬಲ ಎಷ್ಟೆಂದು ಇದರಿಂದ ತಿಳಿಯುತ್ತದೆ. ಉಪಕರಣಗಳು ಕೆಡುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ ಅಥವಾ ವಾರಂಟಿ ಮುಗಿದ ಮೇಲೆ, ಸವೆತದಿಂದ. ಆನ್‌ಲೈನ್ ವಿಮರ್ಶೆಗಳು ಮುಖ್ಯವಾಗಿ ಮೊದಲ ಬಗೆಯನ್ನು ಕಾಣುತ್ತವೆ, ಎರಡನೆಯದನ್ನು ಕಾಣುವುದಿಲ್ಲ.

ತೊಂದರೆ ಸಾಧನದ್ದೇ ಆಗಬೇಕಿಲ್ಲ, ಫೋನಿನದೂ ಆಗಿರಬಹುದು. ಅಗ್ಗದ ಆ್ಯಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುತ್ತವೆ. ಪರದೆ ಆರಿದೊಡನೆ ಸಂಪರ್ಕ ಕಡಿಯುವುದು ಹೀಗೆ. ಆ್ಯಂಡ್ರಾಯ್ಡ್ 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ಹತ್ತಿರದ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕಾಗುತ್ತಿತ್ತು. 2021ರಲ್ಲಿ ಬಂದ ಆ್ಯಂಡ್ರಾಯ್ಡ್ 12ರಿಂದ ಅದಕ್ಕೆ ಬೇರೆಯೇ ಅನುಮತಿಯಿದೆ. ಹೊಸ ಫೋನಿನಲ್ಲೂ ಲೊಕೇಶನ್ ಕೇಳುವ ಆ್ಯಪ್ ಏಕೆ ಕೇಳುತ್ತಿದೆ ಎಂದು ಬಳಕೆದಾರರು ಅನುಮಾನಿಸುವುದು ನ್ಯಾಯ.

ಪುಣೆಯಲ್ಲಿರುವ ಗಂಡ, ಕಮಲಾಪುರದಲ್ಲಿರುವ ಹೆಂಡತಿ ಎಂದಿಟ್ಟುಕೊಂಡರೆ ಆಜ್ಞೆ ಹೊರಡುವುದು ಪುಣೆಯ ಫೋನಿನಿಂದ. ಹೋಗುವುದು ಪರದೇಶದಲ್ಲಿರಬಹುದಾದ ಸರ್ವರಿಗೆ. ಬರುವುದು ಕಮಲಾಪುರದ ಟವರಿಗೆ, ಅಲ್ಲಿಂದ ಫೋನಿಗೆ, ಕೊನೆಗೆ ಬ್ಲೂಟೂತ್‌ಗೆ. ಅರ್ಧ ಸೆಕೆಂಡಿನ ತಡ ಸಹ್ಯ. ಆದರೆ ತಡ ಒಂದೇ ಸಮನಿರದೆ ಏರಿಳಿದರೆ, ಹಳೆಯ ಆಜ್ಞೆಗಳು ಸಾಲಾಗಿ ಕೂಡಿ ಒಟ್ಟಿಗೆ ಬಂದರೆ, ಅದು ಹಿತವಾಗಿರುವುದಿಲ್ಲ. ಒಳ್ಳೆಯ ತಂತ್ರಾಂಶ ಹಳತಾದ ಆಜ್ಞೆಯನ್ನು ಎಸೆದು ಹೊಸದನ್ನು ಮಾತ್ರ ಪಾಲಿಸುತ್ತದೆ. ದೂರದ ನಿಯಂತ್ರಣಕ್ಕೆ ಪ್ರತಿಸಲವೂ ಒಪ್ಪಿಗೆ ಕೇಳುವ, ಒಪ್ಪಿಗೆಯನ್ನು ಯಾವ ಕ್ಷಣದಲ್ಲೂ ಹಿಂತೆಗೆದುಕೊಳ್ಳಲು ಬಿಡುವ ವಿನ್ಯಾಸವೂ ವಿಶ್ವಾಸಾರ್ಹತೆಯ ಅಂಗವೇ. ಮದುವೆಯಾಗಿದೆ ಎಂಬುದು ಆ ಒಪ್ಪಿಗೆಗೆ ಬದಲಿಯಲ್ಲ.

ಕಂಪನಿ ಮುಚ್ಚಿದರೆ ಏನು? ಸರ್ವರ್ ನಿಂತ ದಿನ ದೂರದ ನಿಯಂತ್ರಣವೂ ನಿಲ್ಲುತ್ತದೆ. ಆ್ಯಪ್ ಸ್ಟೋರಿನಿಂದ ಆ್ಯಪ್ ಮಾಯವಾದರೆ ಹೊಸ ಫೋನಿಗೆ ಅದನ್ನು ಹಾಕಿಕೊಳ್ಳಲಾಗದು. ‘ಇಂಟಿಫೇಸ್’ ಎಂಬ ಮುಕ್ತ ತಂತ್ರಾಂಶ ಹಲವು ಕಂಪನಿಗಳ ಸಾಧನಗಳನ್ನು ಒಂದೇ ಕಡೆಯಿಂದ ನಡೆಸುತ್ತದೆ. ಅದರ ಪಟ್ಟಿಯಲ್ಲಿರುವ ಸಾಧನಕ್ಕೆ ಕಂಪನಿಯ ಆಚೆಗೂ ಬದುಕಿದೆ.

ಗುಟ್ಟು ಕಾಯುವ ಕ್ಷಮತೆ

ಈ ಸಾಧನಗಳ ಇತಿಹಾಸದಲ್ಲಿ ದೊಡ್ಡ ಸೋಲುಗಳೆಲ್ಲ ಗುಟ್ಟು ಕಾಯುವುದರಲ್ಲಿ ಆದವು. 2016ರ ಆಗಸ್ಟ್‌ನಲ್ಲಿ ಅಮೆರಿಕದ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು ವೀ-ವೈಬ್ ಸಾಧನವನ್ನು ಬಿಡಿಸಿ ತೋರಿಸಿದರು. ಯಾವಾಗ ಬಳಸಿದರು, ಯಾವ ತೀವ್ರತೆಯಲ್ಲಿ, ಸಾಧನದ ಉಷ್ಣ ಎಷ್ಟು ಎಂಬ ಮಾಹಿತಿಯೆಲ್ಲ ತಯಾರಕರಾದ ಸ್ಟ್ಯಾಂಡರ್ಡ್ ಇನ್ನೋವೇಶನ್ ಕಂಪನಿಗೆ ಹೋಗುತ್ತಿತ್ತು. ಬಳಕೆದಾರರು ಮೊಕದ್ದಮೆ ಹೂಡಿದರು. 2017ರಲ್ಲಿ ಕಂಪನಿ 37.5 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ 2017ರಲ್ಲಿ ಬ್ರಿಟನ್ನಿನ ಪೆನ್ ಟೆಸ್ಟ್ ಪಾರ್ಟ್‌ನರ್ಸ್ ಸೈಬರ್ ಭದ್ರತಾ ಸಂಸ್ಥೆಯವರು ಬರ್ಲಿನ್ನಿನ ಬೀದಿಯಲ್ಲಿ ನಡೆಯುತ್ತ ಲವೆನ್ಸ್ ಕಂಪನಿಯ ಸಾಧನವೊಂದನ್ನು ಬ್ಲೂಟೂತ್ ಮೂಲಕ ಪತ್ತೆ ಮಾಡಿದರು. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಅದಕ್ಕೆ ಜೋಡಿಸಿಕೊಳ್ಳಬಹುದಿತ್ತು. ಆ ವರ್ಷದ ಕೊನೆಗೆ ಅದೇ ಕಂಪನಿಯ ಆ್ಯಪ್ ಬಳಕೆಯ ವೇಳೆಯ ಧ್ವನಿಯನ್ನು ಫೋನಿನಲ್ಲಿ ಕಡತವಾಗಿ ಉಳಿಸಿಡುತ್ತಿದ್ದುದು ಹೊರಬಿತ್ತು. ಕಂಪನಿ ಅದನ್ನು ಸಣ್ಣ ದೋಷವೆಂದು ಕರೆದು ಸರಿಪಡಿಸಿತು. 2018ರಲ್ಲಿ ಜರ್ಮನಿಯ ವೈಬ್ರಾಟಿಸಿಮೊ ಸೇವೆಯ ಬಳಕೆದಾರರ ಮಾಹಿತಿಕೋಶ ಬಾಗಿಲು ತೆರೆದಂತೆ ಇದ್ದದ್ದನ್ನು ಸೆಕ್ ಕನ್ಸಲ್ಟ್ ಸಂಸ್ಥೆ ಕಂಡುಹಿಡಿಯಿತು. 2025ರ ಜುಲೈನಲ್ಲಿ ಲವೆನ್ಸ್ ಬಳಕೆದಾರರ ಇಮೇಲ್ ವಿಳಾಸಗಳನ್ನು ಹೊರಗಿನವರು ತೆಗೆಯಬಹುದಾದ ದೋಷ ಬಯಲಾಯಿತು.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಸುವ ಪ್ರಕರಣ 2020ರದು. ಚೀನಾದ ಕ್ಯೂಯಿ ಕಂಪನಿಯ ‘ಸೆಲ್‌ಮೇಟ್’ ಎಂಬುದು ಗಂಡಸರು ಧರಿಸುವ, ಆ್ಯಪ್‌ನಿಂದ ಬೀಗ ಹಾಕುವ ಸಾಧನ. ಸರ್ವರಿನ ದೋಷದಿಂದ ಯಾರು ಬೇಕಾದರೂ ಎಲ್ಲ ಬಳಕೆದಾರರನ್ನೂ ಒಳಗೆ ಬಂಧಿಸಿಡಬಹುದಿತ್ತು. ಕೈಯಿಂದ ತೆರೆಯುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಅನಂತರ ದಾಳಿಕೋರರು ಬಿಟ್‌ಕಾಯಿನ್ ಸುಲಿಗೆಗೂ ಇಳಿದರು. ಮೈಮೇಲಿನ ಗುಂಡಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಣ್ಣ ಊರಿನಲ್ಲಿ ಗುಟ್ಟು ಒಡೆಯುವುದು ಹೆಚ್ಚಾಗಿ ದಾಳಿಕೋರರಿಂದಲ್ಲ, ಮನೆಯ ಫೋನಿನಿಂದಲೇ. ಮಕ್ಕಳು ಆಟವಾಡುವ ಫೋನಿನಲ್ಲಿ ಆ್ಯಪ್‌ನ ಚಿತ್ರ ಕಾಣುತ್ತದೆ, ಪರದೆಯ ಮೇಲೆ ನೋಟಿಫಿಕೇಶನ್ ಬರುತ್ತದೆ, ಬ್ಲೂಟೂತ್ ಪಟ್ಟಿಯಲ್ಲಿ ಸಾಧನದ ಹೆಸರು ನಿಲ್ಲುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಂಗಡಿಯ ಹೆಸರು ಬೀಳುತ್ತದೆ. ಖಾತೆ ತೆರೆಯದೆ ಅತಿಥಿಯಾಗಿ ಬಳಸಲು ಬಿಡುತ್ತದೆಯೇ, ಆ್ಯಪ್‌ಗೆ ಪಿನ್ ಹಾಕಬಹುದೇ, ನೋಟಿಫಿಕೇಶನ್ ಮುಚ್ಚಬಹುದೇ, ಖಾತೆ ಅಳಿಸಿದರೆ ಮಾಹಿತಿಯೂ ಅಳಿಯುತ್ತದೆಯೇ ಎಂದು ನೋಡುವುದನ್ನು ಕಂಪನದ ಬಲ ನೋಡುವುದಕ್ಕಿಂತ ಮೊದಲು ಮಾಡಬೇಕು. ಕ್ಯಾಮೆರಾ ಇರುವ ಸಾಧನಗಳಿಂದ ದೂರವಿರುವುದೇ ಲೇಸು. 2017ರಲ್ಲಿ ಸ್ವಾಕಮ್ ಕಂಪನಿಯ ಕ್ಯಾಮೆರಾ ಸಾಧನದ ವೈ-ಫೈ ಪಾಸ್‌ವರ್ಡ್ ಎಲ್ಲ ಸಾಧನಗಳಿಗೂ ಒಂದೇ ಆಗಿದ್ದು, 88888888 ಎಂದಿತ್ತು.

ವ್ಯಕ್ತಿಯ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿವೆ.

ವಸ್ತು, ನೀರು, ಸ್ವಚ್ಛತೆ

ಮೈಗೆ ತಾಗುವ ಭಾಗ ಒಳ್ಳೆಯ ದರ್ಜೆಯ ಸಿಲಿಕೋನ್ ಆಗಿರಬೇಕು. ಅಗ್ಗದ ಮೆದು ಪ್ಲಾಸ್ಟಿಕ್ಕಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಸೋಂಕು ಅಲ್ಲಿ ಉಳಿಯುತ್ತದೆ. ಪಿವಿಸಿಯನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕ ಸೇರಿಸುವುದುಂಟು. ನೀರು ತಡೆಯುವ ದರ್ಜೆ ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ, ಹೊಸದಿದ್ದಾಗ. ಗಡಸು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಚಾರ್ಜಿಂಗ್ ಬಿಂದುಗಳ ಮೇಲೆ ಬಿಳಿ ಪೊರೆ ಕಟ್ಟಿ ಚಾರ್ಜು ಹಿಡಿಯದಾಗುತ್ತದೆ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಬೇಕು. ನೀರು ಆಧಾರಿತ ಜಾರುಕವನ್ನೇ (ಲ್ಯೂಬ್ರಿಕೆಂಟ್) ಬಳಸಬೇಕು. ಮನೆಯಲ್ಲಿರುವ ಕೊಬ್ಬರಿ ಎಣ್ಣೆಯಾಗಲಿ, ಕುಸುಬೆ ಎಣ್ಣೆಯಾಗಲಿ ಲೇಟೆಕ್ಸ್ ಕಾಂಡೋಮನ್ನು ಹರಿಯುವಂತೆ ಮಾಡುತ್ತದೆ.

2021ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಈ ಸಾಧನಗಳಿಗಾಗಿಯೇ ಐಎಸ್‌ಒ 3533 ಮಾನಕವನ್ನು ಹೊರತಂದಿತು. ಗುದಕ್ಕೆ ಬಳಸುವ ಸಾಧನದ ಬುಡ ಅಗಲವಾಗಿದ್ದು ಒಳಗೆ ಜಾರದಂತಿರಬೇಕು ಎಂಬ ಎಚ್ಚರ ಇಂಥ ಮಾನಕಗಳ ಮೂಲ ಪ್ರೇರಣೆಗಳಲ್ಲೊಂದು. ಹಾಗೇನಾದರೂ ಸಿಕ್ಕಿಕೊಂಡರೆ ಮನೆಯಲ್ಲಿ ಎಳೆದಾಡದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಕಲಬುರಗಿಯಲ್ಲಿ ಜಿಮ್ಸ್ ಸೇರಿದಂತೆ ಬೋಧನಾ ಆಸ್ಪತ್ರೆಗಳಿವೆ. ಶಸ್ತ್ರವೈದ್ಯರಿಗೆ ಇದು ಪರಿಚಿತ ಸಮಸ್ಯೆ, ನಾಚಿ ತಡಮಾಡುವುದೇ ಅಪಾಯ.

ಕಾನೂನು

ಲೈಂಗಿಕ ಸಾಧನವನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು, ಬಳಸುವುದನ್ನು ಹೆಸರಿಸಿ ನಿಷೇಧಿಸುವ ಕಾನೂನು ಭಾರತದಲ್ಲಿಲ್ಲ. ತೊಡಕು ಬರುವುದು ಅಶ್ಲೀಲ ವಸ್ತುಗಳ ಮಾರಾಟ, ಪ್ರದರ್ಶನ, ಆಮದು ಕುರಿತ ಕಲಮಿನಿಂದ. ಅದು ಹಿಂದೆ ಭಾರತೀಯ ದಂಡ ಸಂಹಿತೆಯ 292 ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಯಾವುದು ಅಶ್ಲೀಲ ಎಂಬುದನ್ನು ಸಮಕಾಲೀನ ಸಮಾಜದ ಮಾನದಂಡದಿಂದ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹೇಳಿತು. 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಮುಂದೆ ಹೋಯಿತು. ಆಮದಾದ ಬಾಡಿ ಮಸಾಜರ್‌ಗಳನ್ನು ಲೈಂಗಿಕ ಸುಖಕ್ಕೂ ಬಳಸಬಹುದೆಂದು ಊಹಿಸಿ ಕಸ್ಟಮ್ಸ್ ಇಲಾಖೆ 1964ರ ಅಧಿಸೂಚನೆಯಡಿ ಮುಟ್ಟುಗೋಲು ಹಾಕಿಕೊಂಡಿತ್ತು. ಅವನ್ನು ಅಶ್ಲೀಲ ವಸ್ತುಗಳೆಂದು ಕರೆಯಲಾಗದೆಂದು ನ್ಯಾಯಾಲಯ ಇಲಾಖೆಯ ಮೇಲ್ಮನವಿಯನ್ನು ತಳ್ಳಿಹಾಕಿತು. ಈ ತೀರ್ಪು ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠವನ್ನು ಕಟ್ಟಿಹಾಕುವುದಿಲ್ಲ, ಆದರೆ ಅಲ್ಲಿ ವಾದಿಸಲು ಗಟ್ಟಿ ಆಧಾರ. ಗೋವಾದ ಕಲಂಗೂಟಿನಲ್ಲಿ 2021ರಲ್ಲಿ ತೆರೆದ ‘ಕಾಮಾ ಗಿಜ್ಮೋಸ್’ ಅಂಗಡಿ ಸ್ಥಳೀಯರ ದೂರಿನ ಬಳಿಕ ಕೆಲವೇ ವಾರಗಳಲ್ಲಿ ಮುಚ್ಚಿತು. ಅಂಗಡಿಗಿಂತ ಆನ್‌ಲೈನ್ ವ್ಯಾಪಾರ ಬೆಳೆದಿರುವುದಕ್ಕೆ ಇಂಥ ಪರಿಸ್ಥಿತಿಯೂ ಕಾರಣ.

ಹೆಸರನ್ನು ಮರೆಮಾಚಿ ಮಾರುವುದರಿಂದ ಕೊಳ್ಳುವವರಿಗೇ ನಷ್ಟ. ‘ಮಸಾಜರ್’ ಎಂದು ಮಾರಿದ ವಸ್ತುವಿನ ಪೆಟ್ಟಿಗೆಯಲ್ಲಿ ದೇಹದೊಳಗಿನ ಬಳಕೆಗೆ ಬೇಕಾದ ಎಚ್ಚರಿಕೆಗಳು ಇರುವುದಿಲ್ಲ, ಯಾವ ಸಿಲಿಕೋನ್ ಎಂಬ ವಿವರವೂ ಇರುವುದಿಲ್ಲ.

ಕೊಂಡವರ ಹಕ್ಕು

ಕೆಟ್ಟ ಸಾಧನ ಬಂದಾಗ ದೂರು ಕೊಡದೆ ಸುಮ್ಮನಾಗುವವರು ಬಹಳ. ಸಂಕೋಚ ಸಹಜ, ಆದರೆ ಕಾನೂನು ಇಲ್ಲಿ ಮಿಕ್ಸರ್‌ಗೂ ಮಸಾಜರ್‌ಗೂ ಭೇದ ಮಾಡುವುದಿಲ್ಲ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಬೇಕು, ಬಿಲ್ಲು ಉಳಿಸಿಕೊಳ್ಳಬೇಕು, ದೋಷವನ್ನು ದಿನಾಂಕ ಸಹಿತ ಬರೆದಿಡಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆಯ ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸವಿರುವ ಊರಿನ ಆಯೋಗದಲ್ಲೇ ದೂರು ಹೂಡಬಹುದಾದ್ದರಿಂದ ಮಾರಾಟಗಾರ ದೆಹಲಿಯಲ್ಲಿದ್ದರೂ ಕಮಲಾಪುರದವರು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.